ಮತ್ತೊಮ್ಮೆ ಒತ್ತಿದವರ ಪಟ್ಟಿ

ದಾಪೋಡಿ, ಪುಣೆ
14 ಡಿಸೆಂಬರ್ 2008, ರವಿವಾರ

ಪ್ರಿಯ ಕುಸುಮಾ,

ಕಾಗದ ಹಿಡಿದರೆ ಮೊದಲು ‘ನಾವೆಲ್ಲ ಕ್ಷೇಮ’ ಎಂದು ಬರೆಯುವುದು ಕೈಗೆ ರೂಢಿಯಾಗಿಬಿಟ್ಟಿದೆ. ಈ ಸಲ ಕೈಯನ್ನು ತಡೆದು ನಿಲ್ಲಿಸಿದ್ದೇನೆ. ನಾನು ಕ್ಷೇಮವಾಗಿಲ್ಲ. ನೀನು ಹೇಗಿದ್ದೀ ಎಂದು ಕೇಳುವಷ್ಟು ದೊಡ್ಡ ಮನಸ್ಸೂ ಇವತ್ತು ನನ್ನಲ್ಲಿಲ್ಲ.

ಇ-ಮೇಲ್ ಬಿಟ್ಟು ಕಾಗದ ಬರೆದಿದ್ದಾಳೆ, ಇವಳು ಇನ್ನೂ ಸುಧಾರಿಸಿಲ್ಲ ಎಂದು ನಗಬೇಡ. ಮೇಲ್ ಕಳಿಸಿದರೆ ಅದನ್ನು ನೀನು ಯಾವಾಗ ತೆರೆದೆ, ಎಷ್ಟು ಸಲ ತೆರೆದೆ ಎಂದು ಎಲ್ಲೋ ಒಂದು ಯಂತ್ರ ಬರೆದಿಟ್ಟುಕೊಳ್ಳುತ್ತದೆ; ಇದನ್ನು ನಿನ್ನಿಂದಲೇ ಕಲಿತಿದ್ದೇನೆ. ಈ ಕಾಗದವನ್ನು ನಾಳೆ ಬೆಳಿಗ್ಗೆ ನಿಮ್ಮ ಹೋಟೆಲಿಗೆ ಹೋಗಿ ನಿನ್ನ ತಂದೆ ರಘುರಾಮ ಮಾಮನ ಕೈಗೇ ಕೊಡುತ್ತೇನೆ. ಮಗಳಿಗೆ ತಲುಪಿಸದೆ ಅವರು ಊಟ ಮಾಡುವವರಲ್ಲ. ನೀನು ಒಂದೇ ಸಲ ಓದಿ ಹರಿದು ಹಾಕು, ಬೇಕಾದರೆ ಹತ್ತು ಸಲ ಓದು. ಆದರೆ ಕೊನೆಯವರೆಗೆ ಓದು.

ಮೊದಲು ಕೆಲಸದ ಮಾತು. ಬರುವ ಶುಕ್ರವಾರ, ಹತ್ತೊಂಬತ್ತನೇ ತಾರೀಖು, ಬೆಳಿಗ್ಗೆ ಹನ್ನೊಂದಕ್ಕೆ ಭೋಸರಿಯ ಕಾರ್ಖಾನೆಯಲ್ಲಿ ಆಕ್ಷೇಪಣೆ ಕೇಳುತ್ತಾರೆ. ಹೊಸ ವರ್ಷದಿಂದ, ಗಾಡಿಗಳ ತಗಡು ಒತ್ತುವ ಪ್ರೆಸ್ ಶಾಪಿನ ಹನ್ನೊಂದು ಜನರನ್ನು ಕೆಲಸದಿಂದ ತೆಗೆಯುವುದೆಂದು ನೋಟೀಸು ಹಚ್ಚಿದ್ದಾರೆ. ಗಾಡಿಗಳ ಬೇಡಿಕೆ ಬಿದ್ದಿದೆ, ಮಂದಿಯನ್ನು ಇಳಿಸಬೇಕಾಗಿದೆ, ಅದು ಊರಿಗೇ ಗೊತ್ತಿರುವ ಸಂಗತಿ. ಆದರೆ ನಲವತ್ಮೂರು ಜನರಲ್ಲಿ ಈ ಹನ್ನೊಂದು ಜನರೇ ಏಕೆ ಎಂಬುದಕ್ಕೆ ನೋಟೀಸಿನ ಕೆಳಗೆ ಒಂದು ಪಟ್ಟಿ ಇದೆ. ಆ ಪಟ್ಟಿ ನಿನ್ನದು. ನಾವಿಬ್ಬರೂ ಕೂಡಿ ಮಾಡಿದ ಪಾಠದಲ್ಲಿ ‘ಮತ್ತೊಮ್ಮೆ’ ಎಂಬ ಗುಂಡಿಯನ್ನು ಯಾರು ಎಷ್ಟು ಸಲ ಒತ್ತಿದರು ಎಂಬ ಪಟ್ಟಿ. ಎಲ್ಲರಿಗಿಂತ ಮೇಲೆ ಶಂಕ್ರೆಪ್ಪನ ಹೆಸರು. ಅದರ ಮುಂದೆ ಆರುನೂರಾ ಹನ್ನೆರಡು.

ನನಗೆ ಬೇಕಾದದ್ದು ನಿನ್ನ ಸಹಿ ಇರುವ ಒಂದು ಹಾಳೆ. ಅದರಲ್ಲಿ ಏನಿರಬೇಕು ಎಂಬುದನ್ನು ಆಮೇಲೆ ಹೇಳುತ್ತೇನೆ. ಹೊಟ್ಟೆಯಲ್ಲಿರುವುದನ್ನು ಹೊರಗೆ ಹಾಕದೆ ನನಗೆ ವಿನಂತಿಯ ಮಾತು ಬರುವುದಿಲ್ಲ.

ನಾವಿಬ್ಬರೂ ಪುಣೆಯ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನವರು, ಕುಸುಮಾ. ನನ್ನ ‘ಭಾಳ’ ಕೇಳಿ ನೀನು ನಗುತ್ತಿದ್ದೆ, ನಿನ್ನ ‘ಮಾರಾಯ್ತಿ’ ಕೇಳಿ ನಾನು. ವಿಜಾಪುರದ ಗುಮಾಸ್ತನ ಮಗಳು ಓದಿದ ಶಾಲೆಯಲ್ಲೇ ಮಾಸ್ತರಿಕೆಗೆ ನಿಂತಳು, ಉಡುಪಿ ಕಡೆಯ ಹೋಟೆಲಿನವರ ಮಗಳು ಹಿಂಜವಾಡಿಯಲ್ಲಿ ಗಾಜಿನ ಕಟ್ಟಡದ ನಾಲ್ಕನೇ ಮಾಳಿಗೆಗೆ ಹೋದಳು. ಹಾಗಿದ್ದರೂ ನೀನು ನನ್ನನ್ನು ಬಿಡಲಿಲ್ಲ. ಹೋದ ವರ್ಷ ಜೂನಿನಲ್ಲಿ ಮಡಿಲಲ್ಲಿ ಕಂಪ್ಯೂಟರ್ ಇಟ್ಟುಕೊಂಡು ನಮ್ಮ ಮನೆಯ ಜಗಲಿಯ ಮೇಲೆ ಕುಳಿತು, ಪ್ರೆಸ್ ಯಂತ್ರದವರಿಗೆ ಸುರಕ್ಷತೆಯ ಪಾಠ ಮಾಡಿದ್ದೇವೆ, ಕನ್ನಡದಲ್ಲೂ ಇದೆ, ನೀನೊಮ್ಮೆ ಬಂದು ನೋಡು ಎಂದೆ. ಭೋಸರಿಯ ಪ್ರೆಸ್ ಶಾಪಿನ ಕನ್ನಡದ ಮಂದಿಗೆ ನಾನು ರವಿವಾರ ಅಕ್ಷರ ಕಲಿಸುತ್ತಿದ್ದದ್ದು ನಿನಗೆ ಗೊತ್ತಿತ್ತು. ಅವರು ನನ್ನ ಮಾತು ಕೇಳುತ್ತಾರೆ ಎಂಬುದೂ ಗೊತ್ತಿತ್ತು. ಈಗ ಅನಿಸುತ್ತದೆ, ನಿನಗೆ ಬೇಕಾಗಿದ್ದದ್ದು ಅದೊಂದೇ ಏನೋ. ಹಾಗೆ ಅನಿಸಬಾರದು ಎಂದುಕೊಳ್ಳುತ್ತೇನೆ, ಆದರೂ ಅನಿಸುತ್ತದೆ.

ಮೊದಲ ದಿನದ ಫಜೀತಿ ನೆನಪಿದೆಯೇ? ಕ್ಯಾಂಟೀನಿನ ಪಕ್ಕದ ಹಳೆಯ ಸ್ಟೋರ್ ರೂಮಿಗೆ ಬಣ್ಣ ಬಳಿದು ಆರು ಕಂಪ್ಯೂಟರ್ ಇಟ್ಟಿದ್ದರು. ಪರದೆಯ ಮೇಲೆ ಒತ್ತಕ್ಷರಗಳೆಲ್ಲ ಒಡೆದು ಖಾಲಿ ಚೌಕಗಳಾಗಿದ್ದವು. ಉಳಿದದ್ದು ‘ಕಾರ್ಯಾಚರಣಾಪೂರ್ವ ಪರಿಶೀಲನೆ’ ಎಂಬಂಥ ಕನ್ನಡ, ಅದು ನನಗೇ ತಿಳಿಯಲಿಲ್ಲ. ಮೂಲೆಯಲ್ಲಿ ಒಂದು ಗಡಿಯಾರ ಇಳಿಯುತ್ತಾ ಹೋಗುತ್ತಿತ್ತು. ಮೌಸ್ ಎಂಬ ಇಲಿ ಹಿಡಿದು ಚಿತ್ರದ ಕೈಯನ್ನು ಎಳೆದು ಸರಿಯಾದ ಜಾಗದಲ್ಲಿ ಇಡಬೇಕು. ಇವರ ಬೆರಳು ಯಾವಾಗ ಒತ್ತಿತು, ಯಾವಾಗ ಬಿಟ್ಟಿತು ಎಂದು ಆ ಇಲಿಗೂ ತಿಳಿಯಲಿಲ್ಲ, ಇವರಿಗೂ ತಿಳಿಯಲಿಲ್ಲ. ಮಾಂತು ಎಂಬ ಹುಡುಗನಿಗೆ ಕೆಂಪು ಹಸಿರಿನ ಭೇದ ಕಾಣುವುದಿಲ್ಲ. ಶಾಪಿನ ಯಂತ್ರದಲ್ಲಿ ಮೇಲಿನದು ಕೆಂಪು, ಕೆಳಗಿನದು ಹಸಿರು ಎಂದು ಜಾಗ ನೋಡಿ ಕೆಲಸ ಮಾಡುತ್ತಾನೆ. ನಿಮ್ಮ ಪರದೆಯಲ್ಲಿ ಒಂದೇ ದೀಪ ಬಣ್ಣ ಬದಲಿಸುತ್ತಿತ್ತು. ನಲವತ್ಮೂರರಲ್ಲಿ ಪಾಸಾದವರು ಐದು ಜನ.

ಶಂಕ್ರೆಪ್ಪ ಆ ದಿನ ಮೊದಲ ಕುರ್ಚಿಯಲ್ಲಿದ್ದ. ಇಂಡಿ ತಾಲೂಕಿನವನು, ಇಪ್ಪತ್ತಕ್ಕೆ ಪ್ರೆಸ್ ಶಾಪಿಗೆ ಬಂದವನು, ಹತ್ತೊಂಬತ್ತು ವರ್ಷ ಆ ಧಡಲ್ ಧಡಲ್ ಸದ್ದಿನಲ್ಲಿ ನಿಂತು ಅವನ ಕಿವಿ ಮುಕ್ಕಾಲು ಹೋಗಿದೆ. ಮುಖ ನೋಡಿ ಮಾತು ತಿಳಿದುಕೊಳ್ಳುತ್ತಾನೆ. ಮೂವತ್ನಾಲ್ಕನೇ ವಯಸ್ಸಿನಲ್ಲಿ ನನ್ನ ಹತ್ತಿರ ಅಕ್ಷರ ಕಲಿತ. ಕಲಿತ ಮೇಲೂ ವರ್ಗ ಬಿಡಲಿಲ್ಲ, ಹಿಂದೆ ಕುಳಿತು ಹೊಸಬರಿಗೆ ಬೆರಳಿಟ್ಟು ತೋರಿಸುತ್ತಿದ್ದ. ನಿಮ್ಮ ಪಾಠದಲ್ಲಿ ಒಂದು ಹೆಣ್ಣುದನಿ ಹೇಳುವುದೆಲ್ಲ ಹೇಳಿ ಮುಗಿಸಿತು, ಅವನಿಗೆ ಒಂದಕ್ಷರ ಕೇಳಲಿಲ್ಲ, ದನಿಗೆ ಮುಖವೂ ಇರಲಿಲ್ಲ. ಎದ್ದು ಬಂದು ನನಗೆ ಹೇಳಿದ: “ಅಕ್ಕಾರ, ಯಂತ್ರಕ್ಕ ನಾವು ಹೆದರೂದಿಲ್ರಿ. ಆ ಮೂಲ್ಯಾಗಿನ ಗಡಿಯಾರಕ್ಕ ಎದಿ ಹಾರತದ.”

ಆಗ ನೀನು ಗೇಟಿನ ಹೊರಗೆ ಬಂದು ರಿಕ್ಷಾ ಸ್ಟ್ಯಾಂಡಿನ ಹತ್ತಿರ ನಿಂತು ಕಣ್ಣು ಒರೆಸಿಕೊಂಡೆ. ನಾವು ಮಾಡಿದ್ದು ಕಲಿಸುವುದಕ್ಕಲ್ಲ ಮಾರಾಯ್ತಿ, ಸೋಲಿಸುವುದಕ್ಕೆ ಎಂದೆ. ಮೂವತ್ತು ವರ್ಷದಲ್ಲಿ ನಿನ್ನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಆ ದಿನವೇ. ಅದಕ್ಕೇ ಮೂರು ತಿಂಗಳು ನನ್ನ ಒಂದು ಶನಿವಾರವನ್ನೂ ಬಿಡದೆ ನಿನಗೆ ಕೊಟ್ಟೆ.

ನಿಮ್ಮ ಹೋಟೆಲಿನ ಫ್ಯಾಮಿಲಿ ರೂಮು, ರಘುರಾಮ ಮಾಮ ಕೇಳದೆಯೇ ಕಳಿಸುತ್ತಿದ್ದ ಬನ್ಸು, ಮೇಜಿನ ತುಂಬ ನಿನ್ನ ಹಾಳೆಗಳು. ಎಷ್ಟು ಜಗಳಾಡಿದೆವು. ದನಿಯಲ್ಲಿ ಹೇಳಿದ್ದೆಲ್ಲ ಅಕ್ಷರದಲ್ಲೂ ಕಾಣಬೇಕು ಎಂದೆ ನಾನು, ಕಿವಿ ಹೋದವರಿಗಾಗಿ. ಹಾಗಾದರೆ ಅಕ್ಷರದಲ್ಲಿದ್ದದ್ದೆಲ್ಲ ದನಿಯಲ್ಲೂ ಇರಲಿ, ಓದು ನಿಧಾನ ಇರುವವರಿಗೆ ಎಂದೆ ನೀನು. ಗಡಿಯಾರ ಕಿತ್ತು ಹಾಕಿದೆವು. ಇಲಿಯನ್ನು ಬಿಟ್ಟು ಮೂರೇ ಕೀಲಿಗಳನ್ನು ಇಟ್ಟುಕೊಂಡು ಅವುಗಳ ಮೇಲೆ ಪ್ರೆಸ್ಸಿನ ಬಟನ್ನಿನಷ್ಟು ದೊಡ್ಡ ಚೀಟಿ ಅಂಟಿಸಿದೆವು. ದೀಪಕ್ಕೆ ಬಣ್ಣದ ಜೊತೆ ಆಕಾರ ಕೊಟ್ಟು ಮಾಂತುವಿನ ಕೈಯಲ್ಲಿ ಪರೀಕ್ಷೆ ಮಾಡಿಸಿದೆವು. ಚಹದ ಬಿಡುವಿನಲ್ಲಿ ಮುಗಿಯುವಷ್ಟೇ, ಏಳು ನಿಮಿಷಕ್ಕೆ ಒಂದು ಪಾಠ. ಯಾವುದೋ ದೇಶದ ಹೊಳೆಯುವ ಯಂತ್ರದ ಚಿತ್ರ ತೆಗೆದು ಅದೇ ಶಾಪಿನ, ಅದೇ ಎಣ್ಣೆ ಕಲೆಯ ಪ್ರೆಸ್ಸಿನ ಫೋಟೋ ಹಾಕಿದೆವು. ಅದನ್ನು ಪರದೆಯ ಮೇಲೆ ನೋಡಿ ಅವರೆಲ್ಲ ತಮ್ಮ ಮನೆಯ ಎಮ್ಮೆ ಟೀವಿಯಲ್ಲಿ ಬಂದ ಹಾಗೆ ನಕ್ಕರು.

ಆಮೇಲೆ ‘ಮತ್ತೊಮ್ಮೆ’ ಗುಂಡಿ. ಅದು ಪಾಠದ ಪ್ರತಿ ಪುಟದಲ್ಲೂ ಇರಬೇಕು ಎಂದವಳು ನೀನು. ಮುಖ ನೋಡುವವರಿಗಾಗಿ ನನ್ನನ್ನು ಕ್ಯಾಮೆರಾದ ಮುಂದೆ ಕೂರಿಸಿ ಮಾತಾಡಿಸಿದವಳೂ ನೀನು. ಮೊದಲ ಪಾಠದ ಮೊದಲ ಮಾತನ್ನು ಬರೆದುಕೊಟ್ಟದ್ದು ನಿನ್ನ ಕೈ. ಗ್ರಾಂಥಿಕ ಬೇಡ, ಅವರ ಮಾತಿನಲ್ಲೇ ಹೇಳು ಎಂದೆ. ನಾನು ಹೇಳಿದೆ: “ಎಷ್ಟು ಸಲ ಬೇಕಾದ್ರೂ ಕೇಳ್ರಿ. ಇಲ್ಲಿ ಯಾರೂ ಎಣಸೂದಿಲ್ಲ.” ಶಾಪಿನಲ್ಲಿ ನನ್ನ ಹೆಸರೇ ‘ಮತ್ತೊಮ್ಮೆ ಅಕ್ಕಾರು’ ಎಂದಾಯಿತು. ಭೋಸರಿಯ ಸಂತೆಯಲ್ಲಿ ಸೊಪ್ಪು ಕೊಳ್ಳುವಾಗ ಯಾರೋ ಹಿಂದಿನಿಂದ ಹಾಗೆ ಕರೆದರೆ ನಾನು ಹಿಗ್ಗುತ್ತಿದ್ದೆ. ಈಗ ಆ ಸಂತೆಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ಯಂತ್ರ ಎಣಿಸುತ್ತಿತ್ತು, ಅದು ನನಗೆ ಗೊತ್ತಿತ್ತು. ಸುಳ್ಳು ಹೇಳುವುದಿಲ್ಲ. ಯಾವ ಪಾಠದಲ್ಲಿ ಮಂದಿ ತೊಡರುತ್ತಾರೆ ಎಂದು ತಿಳಿದರೆ ಆ ಪಾಠವನ್ನು ತಿದ್ದಬಹುದು ಎಂದು ನೀನು ಹೇಳಿದೆ, ನಾನು ಒಪ್ಪಿದೆ. ಆರನೇ ಪಾಠದಲ್ಲಿ ಎಲ್ಲರೂ ಮತ್ತೆ ಮತ್ತೆ ಒತ್ತುತ್ತಿದ್ದರು. ನೋಡಿದರೆ ತಪ್ಪು ನನ್ನದು, ನಾನು ‘ಅಚ್ಚು’ ಎಂದು ಬರೆಸಿದ್ದೆ. ಶಾಪಿನಲ್ಲಿ ಅದನ್ನು ಯಾರೂ ಅಚ್ಚು ಎನ್ನುವುದಿಲ್ಲ, ಡೈ ಎನ್ನುತ್ತಾರೆ. ಡೈ ಎಂದು ಬದಲಿಸಿದ ವಾರವೇ ಒತ್ತುವುದು ಕಡಿಮೆಯಾಯಿತು. ಎಣಿಕೆ ಇರಬೇಕಾದದ್ದು ಇದಕ್ಕೆ. ಪಾಠದ ತಪ್ಪು ಹಿಡಿಯುವುದಕ್ಕೆ. ಹೆಸರು ಯಾರ ಕೈಗೂ ಹೋಗುವುದಿಲ್ಲ ಎಂದು ನೀನು ನಿಮ್ಮ ಹೋಟೆಲಿನ ದೇವರ ಪಟದ ಕಡೆ ಕೈ ತೋರಿಸಿ ಹೇಳಿದ್ದೆ. ನಾನೇನೂ ಆಣೆ ಕೇಳಿರಲಿಲ್ಲ.

ದೀಪಾವಳಿಗೆ ಹೊಸ ಪಾಠ ಶುರುವಾಯಿತು. ಸಂಕ್ರಾಂತಿಯ ಹೊತ್ತಿಗೆ ನಲವತ್ತೊಂದು ಜನ ಪಾಸಾದರು, ಉಳಿದಿಬ್ಬರು ಹೋಳಿ ಹಬ್ಬದ ಹೊತ್ತಿಗೆ. ಫೆಬ್ರುವರಿಯಲ್ಲಿ ನಿನಗೆ ಮುಂಬೈಯಲ್ಲಿ ಪ್ರಶಸ್ತಿ ಬಂತು, ಎಲ್ಲ ತರಹದ ಕಲಿಯುವವರಿಗೂ ಬಾಗಿಲು ತೆರೆದ ಪಾಠ ಎಂದು. ವೇದಿಕೆಯ ಹಿಂದಿನ ದೊಡ್ಡ ಚಿತ್ರದಲ್ಲಿ ಕೀಲಿಯ ಮೇಲಿದ್ದ ಬೆರಳು ಶಂಕ್ರೆಪ್ಪನದು. ಆ ಫೋಟೋವನ್ನು ಅವನು ಮನೆಯ ಗೋಡೆಗೆ ಅಂಟಿಸಿದ್ದಾನೆ. ಇನ್ನೂ ತೆಗೆದಿಲ್ಲ.

ಪಟ್ಟಿ ಹಚ್ಚಿದ ಮರುದಿನ ಅವನ ಹೆಂಡತಿ ಶಿವಗಂಗವ್ವ ನನ್ನ ಶಾಲೆಗೆ ಬಂದಳು. ಅಳಲಿಲ್ಲ, ಬೈಯಲಿಲ್ಲ. ವರ್ಗ ಮುಗಿಯುವವರೆಗೆ ಹೊರಗೆ ನಿಂತಿದ್ದಳು. ಈ ಸಲದ ಖಂಡೇನವಮಿಯ ಆಯುಧಪೂಜೆಗೆ ಕಾರ್ಖಾನೆಯಲ್ಲಿ ಮನೆಮಂದಿಯನ್ನೆಲ್ಲ ಕರೆದಿದ್ದರಲ್ಲ, ಆಗ ಅವನು ಅವಳನ್ನು ಕಂಪ್ಯೂಟರಿನ ಕೋಣೆಗೆ ಕರೆದುಕೊಂಡು ಹೋಗಿ ನನ್ನ ಪಾಠ ತೋರಿಸಿದ್ದನಂತೆ. “ನಿಮ್ಮ ದನಿ ನಾನೂ ಕೇಳೀನ್ರಿ ಅಕ್ಕಾರ. ಯಾರೂ ಎಣಸೂದಿಲ್ಲ ಅಂದಿದ್ರಿ. ಹಂಗಾದ್ರ ಈ ಆರನೂರಾ ಹನ್ನೆರಡು ಎಣಿಸಿದವ್ರು ಯಾರ್ರಿ?” ಎಂದು ಕೇಳಿದಳು. ನಾನು ಮಾಸ್ತರಿಣಿ, ಇಪ್ಪತ್ತೆರಡು ವರ್ಷದಿಂದ ಪ್ರಶ್ನೆ ಕೇಳಿಸಿಕೊಂಡವಳು. ಅವಳಿಗೆ ನೀರು ಬೇಕೇ ಎಂದು ಕೇಳಿದೆ.

ಕಾರ್ಖಾನೆಯ ಆಫೀಸಿನಲ್ಲಿ ಪಂಢರಿನಾಥ ಸಾಹೇಬರನ್ನು ಕಂಡೆ. ಮಂದಿಯ ಲೆಕ್ಕ ನೋಡುವವರು ಅವರೇ ಎಂಬುದು ನಿನಗೆ ಗೊತ್ತು. ಕೆಟ್ಟ ಮನುಷ್ಯರಲ್ಲ. ಕುರ್ಚಿ ಕೊಟ್ಟು, ಮೇಲಿನವರು ಹನ್ನೊಂದು ಹೆಸರು ಕೇಳಿದ್ದಾರೆ, ನಾಳೆ ಯಾರೂ ನನ್ನ ಕಡೆ ಬೆರಳು ತೋರಿಸಬಾರದು, ಅದಕ್ಕೆ ಕಂಪ್ಯೂಟರ್ ಹೇಳಿದ ಹೆಸರನ್ನೇ ಕೊಟ್ಟೆ ಎಂದು ಮರಾಠಿಯಲ್ಲಿ ಸಮಾಧಾನವಾಗಿ ಹೇಳಿದರು. ಪಟ್ಟಿಯ ಜೊತೆಗಿದ್ದ ಪತ್ರ ತೋರಿಸಿದರು. ತಲೆಬರಹ ‘ಕಲಿಕೆಯ ವೇಗ’. ಕೆಳಗೆ ನಿನ್ನ ಸಹಿ. ಅದೇ ಉದ್ದ ಬಾಲದ ‘ಕು’, ಏಳನೇ ಇಯತ್ತೆಯಲ್ಲಿ ನಾನೇ ತಿದ್ದಿಸಿದ್ದು. ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಮಾತನ್ನು ಮಕ್ಕಳಿಗೆ ಎಷ್ಟು ಸಲ ಬರೆಸಿದ್ದೇನೋ, ಅರ್ಥವಾದದ್ದು ಆ ಕುರ್ಚಿಯ ಮೇಲೆ ಕುಳಿತಾಗ.

ಆ ಸಂಜೆ ನಿನಗೆ ಫೋನು ಮಾಡಿದೆ. ನೀನು ಹೇಳಿದ್ದು ಅಕ್ಷರ ಅಕ್ಷರವೂ ನೆನಪಿದೆ. “ಅದು ಕ್ಲೈಂಟಿನ ಡೇಟಾ ಮಾರಾಯ್ತಿ, ನಮ್ಮದಲ್ಲ. ಅವರು ಕೇಳಿದ್ರು, ನಾವು ಕೊಟ್ಟೆವು. ಅದರಲ್ಲಿ ಅವರು ಎಂತ ಮಾಡ್ತಾರೆ ಅಂತ ನಾನು ನೋಡ್ಲಿಕ್ಕೆ ಆಗ್ತದಾ?” ಇಂಥದೊಂದು ಎಣಿಕೆ ಹೆಸರು ಸಮೇತ ಇದೆ ಎಂಬುದು ಅವರಿಗೆ ಹೇಗೆ ತಿಳಿಯಿತು, ಅವರು ಹೇಗೆ ಅಷ್ಟು ಸರಿಯಾಗಿ ಅದನ್ನೇ ಕೇಳಿದರು ಎಂದು ನೀನು ನನಗೇ ತಿರುಗಿ ಪ್ರಶ್ನೆ ಹಾಕಿದೆ. ನಿನ್ನ ಆಫೀಸಿನವರನ್ನು ಕೇಳಿಕೋ ಎಂದು ನಾನು ಫೋನು ಇಟ್ಟೆ. ಆಮೇಲೆ ನೀನು ಎತ್ತಲೇ ಇಲ್ಲ.

ಮಂಗಳವಾರ ಅರ್ಧ ದಿನ ರಜೆ ಹಾಕಿ ಎರಡು ಬಸ್ಸು ಬದಲಿಸಿ ಹಿಂಜವಾಡಿಗೆ ಬಂದೆ. ಕೊರಳಿಗೆ ‘ಭೇಟಿಗಾರರು’ ಎಂಬ ಚೀಟಿ ಹಾಕಿ ಸೋಫಾದ ಮೇಲೆ ಕೂರಿಸಿದರು. ಸಪ್ನಾ ಎಂಬ ನಿನ್ನ ಹುಡುಗಿ ಎರಡು ಸಲ ಬಂದು, ಮೇಡಂ ಮೀಟಿಂಗಿನಲ್ಲಿದ್ದಾರೆ ಎಂದು ಪಾಪ ತಲೆ ತಗ್ಗಿಸಿ ಹೇಳಿದಳು. ಎರಡು ತಾಸಿನ ಮೇಲೆ ಲಿಫ್ಟಿನ ಬಾಗಿಲು ತೆರೆಯಿತು. ನೀನಿದ್ದೆ. ನನ್ನನ್ನು ನೋಡಿದೆ. ನೋಡಲಿಲ್ಲ ಎನ್ನಬೇಡ, ಶಾಲೆಯಲ್ಲಿ ಮನೆಪಾಠ ಮಾಡದೆ ಬಂದ ದಿನ ಹೇಗೆ ನೋಡುತ್ತಿದ್ದೆಯೋ ಹಾಗೆಯೇ ನೋಡಿದೆ. ಲಿಫ್ಟಿನಿಂದ ಹೊರಗೆ ಬರಲಿಲ್ಲ. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಕಂಪನಿಯ ಕ್ಯಾಬು ಹಿಂದಿನ ಗೇಟಿನಿಂದ ಹೋಯಿತು. ಪರರು ಮಾಡಿದ್ದರೆ ನಾನು ಜಗಳಾಡಿ ಮರೆಯುತ್ತಿದ್ದೆ. ನೀನು ಮಾಡಿದೆ, ಅದಕ್ಕೆ ಐದು ದಿನದಿಂದ ಈ ಕಾಗದವನ್ನು ಮನಸ್ಸಿನಲ್ಲೇ ಬರೆಯುತ್ತಿದ್ದೇನೆ.

ಈಗ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಇದನ್ನು ಓದಿದ ಮೇಲೆ ಯಾರ ಮುಂದೆಯೂ ಬಾಯಿ ಬಿಡಬಾರದು.

ಆ ಆರುನೂರಾ ಹನ್ನೆರಡು ಶಂಕ್ರೆಪ್ಪನದಲ್ಲ. ನೀವು ಕೊಟ್ಟ ಒಳಹೋಗುವ ಗುಪ್ತಪದಗಳು ಇಂಗ್ಲಿಷಿನಲ್ಲಿದ್ದವು, ಒಂದು ದೊಡ್ಡಕ್ಷರ, ಒಂದು ಸಣ್ಣಕ್ಷರ, ನಡುವೆ ಅಂಕಿ. ಒಂದು ವಾರದಲ್ಲಿ ಎಂಟು ಜನ ಅದನ್ನು ಕಳೆದುಕೊಂಡರು. ಮತ್ತೆ ಹೋಗಿ ಕೇಳಲು ನಾಚಿಕೆ. ಶಂಕ್ರೆಪ್ಪ ತನ್ನದನ್ನು ಊಟದ ಡಬ್ಬಿಯ ಮುಚ್ಚಳದ ಒಳಗೆ ಮೊಳೆಯಿಂದ ಕೊರೆದಿಟ್ಟುಕೊಂಡಿದ್ದ. ಚಹದ ಬಿಡುವಿನಲ್ಲಿ ಅವನು ತನ್ನ ಹೆಸರಿನಲ್ಲಿ ಒಳಗೆ ಹೋಗಿ ಪಾಠ ಹಚ್ಚುತ್ತಿದ್ದ, ಎಂಟೂ ಜನ ಸುತ್ತ ನಿಲ್ಲುತ್ತಿದ್ದರು. ನಮ್ಮ ಕಡೆಯ ಭಜನೆ ನೀನು ನೋಡಿಲ್ಲ. ಒಬ್ಬ ಮುಂದೆ ಹೇಳುತ್ತಾನೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ, ಬರದವನಿಗಾಗಿ ಮತ್ತೆ ಹೇಳುತ್ತಾರೆ. ನನ್ನ ರವಿವಾರದ ವರ್ಗವೂ ಹಾಗೆಯೇ ನಡೆಯುತ್ತಿತ್ತು. ಇವರು ಕಂಪ್ಯೂಟರಿನ ಮುಂದೆಯೂ ಅದನ್ನೇ ಮಾಡಿದರು. ಎಂಟು ಜನರಲ್ಲಿ ಯಾರಿಗೆ ತಿಳಿಯದಿದ್ದರೂ ಗುಂಡಿ ಒತ್ತುವ ಬೆರಳು ಶಂಕ್ರೆಪ್ಪನದು. ಎಲ್ಲರಿಗೂ ತಿಳಿದ ಮೇಲೆ ಹೊಸ ಗುಪ್ತಪದ ಕೇಳಿ ತಂದು, ತಮ್ಮ ತಮ್ಮ ಹೆಸರಿನಲ್ಲಿ ಪಾಠಗಳನ್ನು ಸರಸರ ದಾಟಿ ಪರೀಕ್ಷೆ ಬರೆದರು. ಎಲ್ಲರೂ ಒಳ್ಳೆಯ ಅಂಕ ತೆಗೆದರು. ಹೀಗಾಗಿ ನಿನ್ನ ಪಟ್ಟಿಯಲ್ಲಿ ಆ ಎಂಟು ಜನ ಎಲ್ಲರಿಗಿಂತ ಚುರುಕು, ಅವರಿಗೆ ಕಲಿಸಿದವನು ಎಲ್ಲರಿಗಿಂತ ದಡ್ಡ.

ನಾನು ಇದನ್ನು ಕಣ್ಣಾರೆ ನೋಡಿದ್ದೆ. ನೋಡಿ ಖುಷಿಪಟ್ಟಿದ್ದೆ. ನಿನಗೆ ಹೇಳಲಿಲ್ಲ. ಒಬ್ಬರಿಗೆ ಒಂದು ಕುರ್ಚಿ ಎಂಬುದು ನಿಮ್ಮ ನಿಯಮ. ಹೇಳಿದರೆ ನೀನು ನಿಲ್ಲಿಸುತ್ತೀ, ಆ ಹೊತ್ತಿನಲ್ಲಿ ನಿನ್ನ ಪ್ರಶಸ್ತಿಯ ಅರ್ಜಿಗೂ ಅಡ್ಡಿಯಾಗುತ್ತದೆ ಎಂದುಕೊಂಡೆ. ಎಂಥ ಪಾಠ ಮಾಡಿದೆವು ನೋಡು ನಾವು. ಕಿವಿ ಇಲ್ಲದವನನ್ನು ಯೋಚಿಸಿದೆವು, ಬಣ್ಣ ಕಾಣದವನನ್ನು ಯೋಚಿಸಿದೆವು, ಗುಂಪಾಗಿ ಕಲಿಯುವವರನ್ನು ಮಾತ್ರ ಯೋಚಿಸಲೇ ಇಲ್ಲ.

ಹಾಗಾದರೆ ಇದನ್ನೇ ಶುಕ್ರವಾರ ಹೇಳಿದರಾಯಿತು ಎನ್ನುತ್ತೀಯಾ? ನಾನೂ ಶಂಕ್ರೆಪ್ಪನಿಗೆ ಅದನ್ನೇ ಹೇಳಿದೆ. ಅವನು ಬೇಡವೆಂದ. ತನ್ನ ಹೆಸರಿನಲ್ಲಿ ಕಲಿಯದವರ ಪ್ರಮಾಣಪತ್ರ ರದ್ದು ಎಂದು ನಿಯಮವಿದೆ, ಪ್ರಮಾಣಪತ್ರ ಇಲ್ಲದವರು ಪ್ರೆಸ್ಸಿನ ಮುಂದೆ ನಿಲ್ಲುವಂತಿಲ್ಲ. ಅವನು ಉಳಿದರೆ ಆ ಎಂಟು ಜನ ಹೋಗುತ್ತಾರೆ, ಮಾಂತು ಕೂಡ. “ಅವ್ರೇನು ಕದ್ದಿಲ್ರಿ ಅಕ್ಕಾರ, ಕಲ್ತಾರ. ಕಲ್ತದ್ದನ್ನ ಕಳವು ಅಂತ ಬರಸೂದು ಬ್ಯಾಡ್ರಿ” ಎಂದ. ಇದನ್ನು ಹೇಳಿ ತನ್ನ ಪಾಳಿಗೆ ಹೊತ್ತಾಯಿತೆಂದು ಎದ್ದು ಹೋದ.

ಅದಕ್ಕೇ ನಿನ್ನ ಹತ್ತಿರ ಬಂದಿದ್ದೇನೆ. ಅವನಿಗಿರುವ ದಾರಿ ಇದೊಂದೇ. ಆ ಎಣಿಕೆಯಿಂದ ಯಾರು ಜಾಣ, ಯಾರು ನಿಧಾನ ಎಂದು ತಿಳಿಯುವುದಿಲ್ಲ, ಅದನ್ನು ಇಟ್ಟದ್ದು ಪಾಠವನ್ನು ತಿದ್ದುವುದಕ್ಕೆ, ಮಂದಿಯನ್ನು ತೂಗುವುದಕ್ಕಲ್ಲ, ಪಾಠದ ಮೊದಲ ಪುಟದಲ್ಲೇ ಎಣಿಸುವುದಿಲ್ಲವೆಂದು ಮಾತು ಕೊಟ್ಟಿದ್ದೆವು, ಆದ್ದರಿಂದ ಈ ಪಟ್ಟಿಯನ್ನು ಹಿಂದೆ ತೆಗೆದುಕೊಳ್ಳುತ್ತಿದ್ದೇವೆ ಎಂದು ಪಾಠ ಮಾಡಿದವಳು ಬರೆದುಕೊಡಬೇಕು. ಆಗ ಹನ್ನೊಂದೂ ಜನರ ಮೇಲಿನ ಕಲ್ಲು ಸರಿಯುತ್ತದೆ, ಎಂಟು ಜನರ ಹೆಸರೂ ಹೊರಗೆ ಬರುವುದಿಲ್ಲ. ಆಮೇಲೆ ಅವರು ಹಿರಿತನ ನೋಡಲಿ, ಕೆಲಸ ನೋಡಲಿ. ಹತ್ತೊಂಬತ್ತು ವರ್ಷದಲ್ಲಿ ಶಂಕ್ರೆಪ್ಪನ ಪಾಳಿಯಲ್ಲಿ ಒಂದು ಬೆರಳೂ ಹೋಗಿಲ್ಲ, ಅವನದೂ ಇಲ್ಲ, ಪಕ್ಕದವನದೂ ಇಲ್ಲ. ಪ್ರೆಸ್ ಶಾಪಿನಲ್ಲಿ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಇರುವುದಿಲ್ಲ.

ನಿನಗೆ ಕಷ್ಟವಿದೆ ಎಂಬುದು ನನಗೆ ತಿಳಿಯದೆ ಇಲ್ಲ. ಕಾರ್ಖಾನೆಯವರು ಮುನಿಸಿಕೊಳ್ಳುತ್ತಾರೆ, ನಿಮ್ಮ ಮೇಲಿನವರು ನಿನ್ನನ್ನು ಕರೆದು ಕೇಳುತ್ತಾರೆ, ಮುಂದಿನ ಪಾಠ ಬೇರೆಯವರಿಗೆ ಹೋಗಬಹುದು. ಹೋಗಲಿ. ಈ ಶಾಪಿನ ಮಂದಿಯ ನಂಬಿಕೆಯ ಮೇಲೆ ನೀನು ವೇದಿಕೆ ಹತ್ತಿದ್ದೀ, ಅವರಿಗಾಗಿ ಒಂದು ಮೆಟ್ಟಿಲು ಇಳಿ.

ನನ್ನ ಸಿಟ್ಟು ಇಳಿದಿಲ್ಲ. ನೀನು ಬರೆದುಕೊಟ್ಟರೂ ಬೇಗ ಇಳಿಯುತ್ತದೆ ಎಂದು ಹೇಳಲಾರೆ. ಬರೆದುಕೊಡದಿದ್ದರೆ ಮಾತ್ರ ಇನ್ನು ನಿಮ್ಮ ಹೋಟೆಲಿನ ಮೆಟ್ಟಿಲು ನಾನು ಹತ್ತುವುದಿಲ್ಲ, ರಘುರಾಮ ಮಾಮನಿಗೆ ಕಾರಣ ನೀನೇ ಹೇಳಿಕೋ. ಹಾಳೆಯನ್ನು ಗುರುವಾರ ಸಂಜೆಯೊಳಗೆ ಅವರ ಹತ್ತಿರ ಇಡು. ನಾನು ಬಂದು ತೆಗೆದುಕೊಂಡು ಹೋಗುತ್ತೇನೆ. ಮುಖ ತೋರಿಸಬೇಕಾಗಿಲ್ಲ.

ನಿನ್ನನ್ನು ನಂಬಿದ್ದ, ಈಗಲೂ ಪೂರ್ತಿ ಬಿಡಲಾಗದ,
ಇಂದೂ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು. ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಪಂಢರಿನಾಥರಿಗೆ ಆ ಎಣಿಕೆಯ ಸುಳಿವು ಯಾರು ಕೊಟ್ಟರು ಎಂದು ನೀನು ಕೇಳಿದ್ದೆಯಲ್ಲ, ಕೊಟ್ಟವಳು ನಾನು. ಸೆಪ್ಟೆಂಬರಿನಲ್ಲಿ ಅವರ ಆಫೀಸಿನಲ್ಲಿ ಚಹ ಕುಡಿಯುತ್ತಾ, ಯಾರು ಮತ್ತೊಮ್ಮೆ ಎಂದು ಹೆಚ್ಚು ಸಲ ಒತ್ತುತ್ತಾರೋ ಅವರಿಗೆ ಕಲಿಯುವುದು ಕಷ್ಟವಾಗುತ್ತಿದೆ ಎಂದು ತಿಳಿಯಬೇಕು, ಅಂಥವರಿಗೆ ಕಾರ್ಖಾನೆ ಕಿವಿಯ ಯಂತ್ರ ಕೊಡಿಸಬೇಕು, ಕುಸುಮಾಳನ್ನು ಕೇಳಿದರೆ ಹೆಸರು ಸಮೇತ ಕೊಡುತ್ತಾಳೆ ಎಂದೆ. ಶಂಕ್ರೆಪ್ಪನಿಗೆ ಒಂದು ಯಂತ್ರ ಸಿಗಲಿ ಎಂಬ ಆಸೆ. ದೊಡ್ಡ ಜಾಣೆಯ ಹಾಗೆ ಮಾತಾಡಿದೆ. ಅವರು ಪೆನ್ನು ತೆಗೆದು ಬರೆದುಕೊಂಡರು. ಕಿವಿಯ ಯಂತ್ರದ ಮಾತನ್ನು ಬರೆದುಕೊಳ್ಳಲಿಲ್ಲ, ಅದನ್ನು ನಾನು ನೋಡಿದೆ, ಆಗ ಏನೂ ಅನಿಸಲಿಲ್ಲ. ನೀನು ಹಾಳೆ ಕೊಡು, ಬಿಡು, ಶುಕ್ರವಾರ ನಾನು ಇದನ್ನು ಅಲ್ಲಿ ಹೇಳುವವಳೇ. ಶಂಕ್ರೆಪ್ಪನಿಗೆ ಇನ್ನೂ ಹೇಳಿಲ್ಲ. ಆಕ್ಷೇಪಣೆಯ ದಿನ ಪ್ರತಿಯೊಬ್ಬನೂ ತನ್ನ ಪರ ಮಾತಾಡಲು ತಾನು ನಂಬುವ ಒಬ್ಬರನ್ನು ಕರೆತರಬಹುದಂತೆ. ಅರ್ಜಿಯಲ್ಲಿ ಅವನು ತನ್ನ ಕೈಯಾರೆ ನನ್ನ ಹೆಸರು ಬರೆದುಕೊಟ್ಟಿದ್ದಾನೆ.